ಕೊಳವೆಯ ಪೆಡಸುತನವನ್ನು ಅಳೆಯುವ ಬಗೆ

1990ರಲ್ಲಿ ಅಂತರಿಕ್ಷವನ್ನೇರಿದ ಹಬಲ್ ದೂರದರ್ಶಕದ ಕನ್ನಡಿಗಳ ನಡುವಣ ಅಂತರವನ್ನು ಕಾಯುವ ಚೌಕಟ್ಟು, ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದು ಮಾಡಿದ ಕೊಳವೆಗಳದು. ಇಂಥ ಕೊಳವೆ ಹಗುರ. ಎಳೆದರೆ ಹಿಗ್ಗುವುದು ಅತ್ಯಲ್ಪ. ಹೀಗೆ ಹಿಗ್ಗದಿರುವ ಗುಣವೇ ಪೆಡಸುತನ.

ಇದನ್ನು ಅಳೆಯುವುದು ಹೇಗೆ? ಯಂತ್ರದ ಹಿಡಿತಕ್ಕೆ ನೇರವಾಗಿ ಸಿಕ್ಕಿದರೆ ಕೊಳವೆಯ ತುದಿ ಜಜ್ಜಿಹೋದೀತು. ಆದುದರಿಂದ ತುದಿಗಳಿಗೆ ಲೋಹದ ತುಂಡುಗಳನ್ನು ಅಂಟಿಸುತ್ತಾರೆ. ಆದರೆ ಎಳೆದಾಗ ಲೋಹವೂ ತುಸು ಹಿಗ್ಗುತ್ತದೆ, ಅಂಟೂ ತುಸು ಜರುಗುತ್ತದೆ. ತುದಿಯಿಂದ ತುದಿಗೆ ಅಳೆದರೆ ದೊರೆಯುವುದು ಇವೆಲ್ಲದರ ಮೊತ್ತ.

ಇದಕ್ಕೊಂದು ಸರಳ ಉಪಾಯವುಂಟು. ಒಂದೇ ಬಗೆಯ ತುದಿಗಳುಳ್ಳ, ಉದ್ದದಲ್ಲಿ ಮಾತ್ರ ಭಿನ್ನವಾದ ಎರಡು ಕೊಳವೆಗಳನ್ನು ತೆಗೆದುಕೊಳ್ಳೋಣ. ಲೋಹದ ತುಂಡುಗಳ ನಡುವೆ ಒಂದರ ಉದ್ದ 1 ಮೀಟರ್, ಇನ್ನೊಂದರದು ಅರ್ಧ ಮೀಟರ್. 10,000 ನ್ಯೂಟನ್ ಬಲಕ್ಕೆ ಮೊದಲನೆಯದು 1.2 ಮಿಲಿಮೀಟರ್, ಎರಡನೆಯದು 0.7 ಮಿಲಿಮೀಟರ್ ಹಿಗ್ಗಿತೆನ್ನಿ. ತುದಿಗಳ ಪಾಲು ಎರಡರಲ್ಲಿಯೂ ಸಮ. ಕಳೆದರೆ ಅದು ಅಳಿದುಹೋಗುತ್ತದೆ. ಉಳಿದ 0.5 ಮಿಲಿಮೀಟರ್ ಅರ್ಧ ಮೀಟರ್ ಕೊಳವೆಯ ನಿಜವಾದ ಹಿಗ್ಗು. ಅಂದರೆ 1 ಮೀಟರಿಗೆ 1 ಮಿಲಿಮೀಟರ್; ಮಿಕ್ಕ 0.2 ಮಿಲಿಮೀಟರ್ ತುದಿಗಳದು. ಮೊದಲ ಅಳತೆಯೊಂದನ್ನೇ ನಂಬಿದ್ದರೆ ಕೊಳವೆಯ ಪೆಡಸುತನವನ್ನು ಆರರಲ್ಲೊಂದು ಪಾಲು ಕಡಿಮೆಯೆಂದು ಎಣಿಸುತ್ತಿದ್ದೆವು.

ಆದರೆ ಚೌಕಟ್ಟನ್ನು ಕಟ್ಟುವವರು ಆ 0.2ನ್ನು ಮರೆಯುವಂತಿಲ್ಲ. ಅಲ್ಲಿ ಕೊಳವೆಯೊಡನೆ ಅದರ ತುದಿಗಳೂ ಭಾರ ಹೊರಬೇಕಷ್ಟೆ.