ತರಗತಿಯಲ್ಲಿ ಉಗ್ಗುವ ಮಗು: ಕಾಯುವುದೂ ಒಂದು ಬೋಧನಾ ಕೌಶಲ

ಕಳೆದ ವರ್ಷದ ಸೂಕ್ಷ್ಮ ಬೋಧನೆಯ ಅವಧಿಯಲ್ಲಿ ನಡೆದ ಒಂದು ಘಟನೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಅಂದು ಪ್ರಶ್ನಿಸುವ ಕೌಶಲದ ಅಭ್ಯಾಸ ನಡೆಯುತ್ತಿತ್ತು. ನನ್ನ ತಂಡದ ಪ್ರಶಿಕ್ಷಣಾರ್ಥಿಯೊಬ್ಬರು ‘ದ್ಯುತಿಸಂಶ್ಲೇಷಣೆ’ ಎಂಬ ಪದದ ಮೊದಲಲ್ಲೇ ತಡೆದು ನಿಂತರು. ಬಾಯಿ ತೆರೆದಿತ್ತು, ಧ್ವನಿ ಹೊರಡುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ಆ ಪದವನ್ನು ಗಟ್ಟಿಯಾಗಿ ಹೇಳಿಬಿಟ್ಟೆ. ಸಹಾಯ ಮಾಡಿದೆ ಎಂದುಕೊಂಡೆ. ಪಾಠ ಮುಗಿದ ಮೇಲೆ ಅವರು ನನ್ನ ಬಳಿ ಬಂದು, “ಸರ್, ಆ ಪದ ಬರ್ತಾ ಇತ್ತು. ನೀವು ಸ್ವಲ್ಪ ಕಾಯಬೇಕಿತ್ತು” ಎಂದರು.

ಈ ಮಾತನ್ನು ನನಗೆ ಬೇರೆಯವರು ಹೇಳಬೇಕಾಗಿ ಬಂದದ್ದೇ ನಾಚಿಕೆಯ ಸಂಗತಿ. ಏಕೆಂದರೆ ನಾನೂ ಚಿಕ್ಕಂದಿನಿಂದ ಉಗ್ಗುವವನು. ಇತರರು ನನ್ನ ಪದವನ್ನು ಕಸಿದುಕೊಂಡು ಹೇಳಿದಾಗ ಏನಾಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ಆದರೂ ನಾನೇ ಅದನ್ನು ಮಾಡಿದೆ. ಅಂದಿನಿಂದ ಯೋಚಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಹಾಜರಿ ಕರೆಯುವ ಹೊತ್ತು

ಪ್ರಾಥಮಿಕ ಶಾಲೆಯಲ್ಲಿ ನನ್ನ ಹಾಜರಿ ಸಂಖ್ಯೆ 14. ಮೇಷ್ಟ್ರು 9 ಎನ್ನುವಷ್ಟರಲ್ಲಿ ನನ್ನ ಅಂಗೈ ಬೆವರುತ್ತಿತ್ತು. ‘ಹಾಜರ್ ಸಾರ್’ ಎಂಬ ಎರಡು ಪದ ಹೇಳಬೇಕು, ಅಷ್ಟೇ. ಒಂದು ದಿನ ನಾನು ಎದ್ದು ನಿಂತು ಬಾಯಿ ತೆರೆದೇ ಇದ್ದೆ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ ಗೈರುಹಾಜರಿ ಹಾಕಿ 15 ಎಂದರು. ಮಕ್ಕಳೆಲ್ಲ ನಕ್ಕರು. ತರಗತಿಯಲ್ಲಿ ಇದ್ದೂ ನಾನು ಇಲ್ಲದವನಾದೆ.

ಆದರೆ ಮಗ್ಗಿ ಹೇಳುವಾಗ ನನಗೆ ಉಗ್ಗೇ ಇರಲಿಲ್ಲ. ಎಲ್ಲರೊಡನೆ ರಾಗವಾಗಿ ಹದಿನಾರರ ಮಗ್ಗಿಯನ್ನು ತಡೆಯಿಲ್ಲದೆ ಹೇಳುತ್ತಿದ್ದೆ. ಪ್ರಾರ್ಥನೆಯಲ್ಲಿ ಹಾಡುತ್ತಿದ್ದೆ. ಮನೆಯಲ್ಲಿ ಕರುವಿನ ಜೊತೆ, ತೊಟ್ಟಿಲಲ್ಲಿದ್ದ ತಮ್ಮನ ಜೊತೆ ಗಂಟೆಗಟ್ಟಲೆ ಮಾತನಾಡುತ್ತಿದ್ದೆ. ಇದನ್ನು ಗಮನಿಸಿದ ಇನ್ನೊಬ್ಬ ಶಿಕ್ಷಕರು, “ಮಗ್ಗಿ ಹೇಳೋಕೆ ಬರುತ್ತೆ, ಉತ್ತರ ಹೇಳೋಕೆ ಬರಲ್ವಾ? ನಾಟಕ ಮಾಡ್ತೀಯಾ?” ಎಂದು ಗದರಿದರು. ನಾನು ನಾಟಕ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಮತ್ತೇನು ಆಗುತ್ತಿದೆ ಎಂಬುದು ಗೊತ್ತಿರಲಿಲ್ಲ. ಅಜ್ಜಿ ಬಜೆಯನ್ನು ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚುತ್ತಿದ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ನನ್ನ ನಾಲಿಗೆಯಲ್ಲೇ ಏನೋ ದೋಷವಿದೆ, ನಾನು ಎಲ್ಲರಂತಲ್ಲ ಎಂಬುದು ಆಗಲೇ ಮನಸ್ಸಿನಲ್ಲಿ ಬೇರೂರಿತು.

ಉಗ್ಗು ಎಂದರೇನು?

ಉಗ್ಗು ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣಿಸುತ್ತದೆ. ಒಂದು, ಧ್ವನಿ ಅಥವಾ ಅಕ್ಷರದ ಪುನರಾವರ್ತನೆ: ‘ಕ-ಕ-ಕ-ಕಮಲ’. ಎರಡು, ಧ್ವನಿಯನ್ನು ಎಳೆಯುವುದು: ‘ಸ್‌ಸ್‌ಸ್‌ಸಮಯ’. ಮೂರು, ತಡೆ: ಬಾಯಿ ಸಿದ್ಧವಾಗಿದ್ದರೂ ಧ್ವನಿಯೇ ಹೊರಡದ ಸ್ಥಿತಿ. ಮೂರನೆಯದನ್ನು ಶಿಕ್ಷಕರು ಗುರುತಿಸುವುದು ಕಡಿಮೆ. ಮಗುವಿಗೆ ಉತ್ತರ ಗೊತ್ತಿಲ್ಲ ಎಂದೇ ಭಾವಿಸುತ್ತಾರೆ.

ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ, ಮಾತು ವೇಗವಾಗಿ ಬೆಳೆಯುವ ಕಾಲದಲ್ಲಿ ಆರಂಭವಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳು ಬಾಲ್ಯದ ಯಾವುದೋ ಒಂದು ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ, ಅವರಲ್ಲಿ ಗಂಡಸರೇ ಹೆಚ್ಚು. ಅಂದರೆ 300 ಮಕ್ಕಳಿರುವ ಒಂದು ಪ್ರೌಢಶಾಲೆಯಲ್ಲಿ ಇಬ್ಬರೋ ಮೂವರೋ ಇರುವ ಸಾಧ್ಯತೆಯಿದೆ. ನೀವು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯಲ್ಲೂ ಇರಬಹುದು.

ಇದು ನಾಲಿಗೆಯ ದೋಷವಲ್ಲ, ಬುದ್ಧಿಯ ಕೊರತೆಯಲ್ಲ, ಬೇರೆಯವರನ್ನು ಅನುಕರಿಸಿ ಬಂದದ್ದೂ ಅಲ್ಲ. ಮಾತನ್ನು ಯೋಜಿಸಿ, ಸರಿಯಾದ ಕ್ಷಣಕ್ಕೆ ಸ್ನಾಯುಗಳಿಗೆ ದಾಟಿಸುವ ಮಿದುಳಿನ ಕೆಲಸದಲ್ಲಿ ಇರುವ ವ್ಯತ್ಯಾಸ ಇದಕ್ಕೆ ಸಂಬಂಧಿಸಿದೆ. ಕುಟುಂಬಗಳಲ್ಲಿ ಇದು ಮುಂದುವರಿಯುವುದುಂಟು. 2010ರಲ್ಲಿ ಇದಕ್ಕೆ ಸಂಬಂಧಿಸಿದ ಕೆಲವು ವಂಶವಾಹಿಗಳನ್ನೂ ಗುರುತಿಸಲಾಯಿತು. ಹೆದರಿಕೆಯಿಂದ ಉಗ್ಗು ಹೆಚ್ಚಾಗುತ್ತದೆ, ಆದರೆ ಅದರ ಮೂಲ ಹೆದರಿಕೆಯಲ್ಲ. ಎಲ್ಲರೊಡನೆ ಒಟ್ಟಿಗೆ ಹೇಳುವಾಗ, ಹಾಡುವಾಗ, ಒಬ್ಬನೇ ಇರುವಾಗ ಉಗ್ಗು ಬಹುಪಾಲು ಮಾಯವಾಗುತ್ತದೆ. ಇದು ಉಗ್ಗಿನ ಗುಣವೇ. ಆದ್ದರಿಂದ ಮಗ್ಗಿ ಹೇಳಬಲ್ಲ ಹುಡುಗ ಉತ್ತರ ಹೇಳಲಾರದೆ ನಿಂತರೆ ಅದು ನಾಟಕವಲ್ಲ.

ಕಾಣದ ಉಗ್ಗು

ನಾನು ಐದನೇ ತರಗತಿಗೆ ಬರುವಷ್ಟರಲ್ಲಿ ಉಗ್ಗನ್ನು ಅಡಗಿಸುವುದನ್ನು ಕಲಿತಿದ್ದೆ. ‘ಕ’ ಬರುವುದಿಲ್ಲ ಎಂದು ಒಂದು ಕ್ಷಣ ಮೊದಲೇ ತಿಳಿಯುತ್ತಿತ್ತು. ತಕ್ಷಣ ಬೇರೆ ಪದ ಹುಡುಕುತ್ತಿದ್ದೆ. ಕನ್ನಡದಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಿದರೂ ವಾಕ್ಯ ನಿಲ್ಲುತ್ತದೆ. ಇದರ ಉಪಯೋಗವನ್ನು ನನ್ನಷ್ಟು ಪಡೆದವರು ಕಡಿಮೆ. ಆದರೆ ಊರ ಹೆಸರಿಗೆ, ಜನರ ಹೆಸರಿಗೆ ಬದಲಿ ಪದವಿಲ್ಲ. ಅಮ್ಮ ಅಂಗಡಿಯಿಂದ ಕಡಲೆಬೇಳೆ ತಾ ಎಂದರೆ ಹೆಸರುಬೇಳೆ ತಂದು, ಮರೆಗುಳಿ ಎಂದು ಬೈಸಿಕೊಂಡಿದ್ದೇನೆ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ ಸಾರ್’ ಎಂದಿದ್ದೇನೆ. ಆ ಎರಡು ಪದ ನನಗೆ ಸಲೀಸಾಗಿ ಬರುತ್ತಿದ್ದವು. ದಡ್ಡ ಎನಿಸಿಕೊಳ್ಳುವುದು ಉಗ್ಗ ಎನಿಸಿಕೊಳ್ಳುವುದಕ್ಕಿಂತ ಮೇಲು ಎಂದು ಒಂಬತ್ತು ಹತ್ತು ವರ್ಷದ ಹುಡುಗ ತೀರ್ಮಾನಿಸಿದ್ದ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರಿನಲ್ಲಿ ತೇಲುವ ಮಂಜುಗಡ್ಡೆಗೆ ಹೋಲಿಸಿದ್ದರು. ಕಿವಿಗೆ ಕೇಳುವ ಉಗ್ಗು ಮೇಲಿನ ಸಣ್ಣ ಭಾಗ; ನಾಚಿಕೆ, ಭಯ, ತಪ್ಪಿಸಿಕೊಳ್ಳುವ ಉಪಾಯಗಳು ನೀರಿನೊಳಗಿನ ದೊಡ್ಡ ಭಾಗ. ಆ ದೊಡ್ಡ ಭಾಗ ಹುಟ್ಟಿನಿಂದ ಬಂದದ್ದಲ್ಲ. ಸುತ್ತಲಿನವರ ಮುಖ ನೋಡಿ ಮಗು ಕಲಿತದ್ದು.

ದೊಡ್ಡವರ ಮಾತು ಮಗುವಿನ ಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಕಹಿ ಉದಾಹರಣೆಯಿದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಅನಾಥಾಲಯದ 22 ಮಕ್ಕಳ ಮೇಲೆ ಅಧ್ಯಯನ ನಡೆಸಿದರು. ಸರಿಯಾಗಿಯೇ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ ‘ನಿನ್ನ ಮಾತು ಸರಿಯಿಲ್ಲ, ನೀನು ಉಗ್ಗುತ್ತೀಯ’ ಎಂಬ ಅರ್ಥದಲ್ಲಿ ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ನಿಜವಾದ ಉಗ್ಗಿಗೆ ಒಳಗಾಗಲಿಲ್ಲ ಎಂಬುದು ನಂತರದ ವಿದ್ವಾಂಸರ ಅಭಿಪ್ರಾಯ. ಆದರೆ ಅವರಲ್ಲಿ ಹಲವರು ಮಾತನಾಡಲು ಹಿಂಜರಿಯತೊಡಗಿದರು, ಸಂಕೋಚದಿಂದ ಮುದುಡಿಕೊಂಡರು. ವಿಶ್ವವಿದ್ಯಾಲಯ ಇದಕ್ಕಾಗಿ 2001ರಲ್ಲಿ ಕ್ಷಮೆ ಕೇಳಿತು. ಮಾತಿನಲ್ಲಿ ದೋಷವೇ ಇಲ್ಲದ ಮಕ್ಕಳನ್ನೂ ಮೌನಕ್ಕೆ ತಳ್ಳಲು ದೊಡ್ಡವರ ಟೀಕೆ ಸಾಕಾಯಿತು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ತರಗತಿಯಲ್ಲಿ ನಾವು ಮಾಡಬಹುದಾದದ್ದು

ಪ್ರಶ್ನಿಸುವ ಕೌಶಲವನ್ನು ಕಲಿಸುವಾಗ ಮೇರಿ ಬಡ್ ರೋ ಅವರ ಅಧ್ಯಯನವನ್ನು ನಾವೆಲ್ಲ ಹೇಳುತ್ತೇವೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ದೀರ್ಘವಾಗುತ್ತವೆ, ಹೆಚ್ಚು ಮಕ್ಕಳು ಭಾಗವಹಿಸುತ್ತಾರೆ. ಎಲ್ಲ ಮಕ್ಕಳಿಗೂ ಒಳ್ಳೆಯದಾದ ಈ ಕಾಯುವಿಕೆ ಉಗ್ಗುವ ಮಗುವಿಗೆ ಅತ್ಯಗತ್ಯ. ಕಾಯುವ ರೀತಿಯೂ ಮುಖ್ಯ. ಕೆಳಗಿನ ಅಂಶಗಳನ್ನು ಪಾಠ ಯೋಜನೆಯ ಜೊತೆಗೆ ನೆನಪಿಡಿ.

1. ಮಗು ತಡೆದಾಗ ಪದವನ್ನು ನೀವು ಪೂರ್ತಿ ಮಾಡಬೇಡಿ. ಸಹಜವಾಗಿ ಮುಖ ನೋಡುತ್ತಾ ಕಾಯಿರಿ.
2. ‘ನಿಧಾನವಾಗಿ ಹೇಳು’, ‘ಉಸಿರು ಎಳೆದುಕೋ’, ‘ಹೆದರಬೇಡ’ ಎನ್ನಬೇಡಿ. ಒಳ್ಳೆಯ ಮನಸ್ಸಿನಿಂದ ಹೇಳಿದರೂ ಇಡೀ ತರಗತಿಯ ಗಮನ ಉಗ್ಗಿನ ಮೇಲೆ ಹೋಗುತ್ತದೆ.
3. ಹೇಗೆ ಹೇಳಿದ ಎಂಬುದಕ್ಕಲ್ಲ, ಏನು ಹೇಳಿದ ಎಂಬುದಕ್ಕೆ ಪ್ರತಿಕ್ರಿಯಿಸಿ. ಉತ್ತರ ತಪ್ಪಿದ್ದರೆ ಎಲ್ಲರಿಗೂ ಹೇಳುವಂತೆ ತಪ್ಪು ಎಂದೇ ಹೇಳಿ.
4. ಕ್ರಮಸಂಖ್ಯೆಯಂತೆ ಸಾಲಾಗಿ ಓದಿಸುವಾಗ ಸರದಿ ಹತ್ತಿರವಾದಂತೆ ಭಯ ಬೆಳೆಯುತ್ತದೆ. ಮೊದಲು ಇಬ್ಬರು ಜೊತೆಯಾಗಿ ಓದಲಿ. ಒಬ್ಬನೇ ಓದುವುದು ಆಮೇಲೆ ಬರಲಿ.
5. ಆ ಮಗುವನ್ನು ಪ್ರಶ್ನೆಗಳಿಂದ ಪೂರ್ತಿ ಬಿಟ್ಟುಬಿಡಬೇಡಿ. ಅದು ಕರುಣೆಯಂತೆ ಕಂಡರೂ ‘ನೀನು ಬೇರೆ’ ಎಂದು ಹೇಳಿದಂತೆಯೇ. ತರಗತಿಯ ಹೊರಗೆ, ಒಬ್ಬನೇ ಇದ್ದಾಗ, ‘ನಾನು ಹೇಗೆ ಕೇಳಿದರೆ ನಿನಗೆ ಅನುಕೂಲ?’ ಎಂದು ಅವನನ್ನೇ ಕೇಳಿ.
6. ಅಣಕಿಸುವುದನ್ನು ಕಂಡರೆ ಅಂದೇ ನಿಲ್ಲಿಸಿ.

ಪೋಷಕರಿಗೆ ವಾಕ್ ಚಿಕಿತ್ಸಕರ ಬಗ್ಗೆ ತಿಳಿಸುವುದೂ ನಮ್ಮ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು. ನಾನು ಅಂಥ ಒಬ್ಬ ಚಿಕಿತ್ಸಕರನ್ನು ಕಂಡದ್ದು ಪದವಿ ಮುಗಿದ ಮೇಲೆ. ಉಗ್ಗು ಪೂರ್ತಿ ಹೋಗಲಿಲ್ಲ, ಆದರೆ ಅಡಗಿಸುವ ಹೊರೆ ಇಳಿಯಿತು.

ನಮ್ಮ ವೀಕ್ಷಣಾ ಪಟ್ಟಿ

ಕೊನೆಯದಾಗಿ ಸಹೋದ್ಯೋಗಿಗಳಿಗೆ ಒಂದು ಮಾತು. ಅಂದಿನ ಪಾಠಕ್ಕೆ ನಾನು ‘ನಿರರ್ಗಳ ಮಾತು’ ಎಂಬ ಅಂಶದಲ್ಲಿ ಅರ್ಧಕ್ಕಿಂತ ಕಡಿಮೆ ಅಂಕ ಕೊಟ್ಟಿದ್ದೆ. ಆ ಪ್ರಶಿಕ್ಷಣಾರ್ಥಿ ಹೋದ ಮೇಲೆ ಹಾಳೆಯನ್ನು ಮತ್ತೆ ನೋಡಿದೆ. ಕೇಳಿದ ಪ್ರಶ್ನೆಗಳು ಸ್ಪಷ್ಟವಾಗಿದ್ದವು, ಎಲ್ಲರಿಗೂ ಅರ್ಥವಾಗಿದ್ದವು. ಹಾಗಾದರೆ ನಾನು ಕಳೆದದ್ದು ಯಾವುದಕ್ಕೆ? ನನ್ನ ಬಳಿ ಉತ್ತರವಿರಲಿಲ್ಲ. ಅಂಕವನ್ನು ತಿದ್ದಿ, ಅದರ ಕಾರಣವನ್ನು ಅವರಿಗೆ ಹೇಳಿದೆ. ಆ ಅಂಶವನ್ನು ‘ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ಸಂವಹನ’ ಎಂದು ಬದಲಾಯಿಸಬೇಕೆಂಬುದು ನನ್ನ ಸಲಹೆ.

ಮುಂದೆ ಅವರು ಬೋಧನಾಭ್ಯಾಸಕ್ಕೆ 8ನೇ ತರಗತಿಗೆ ಹೋದಾಗ ನಾನು ವೀಕ್ಷಕನಾಗಿದ್ದೆ. ಮೊದಲ ನಿಮಿಷದಲ್ಲೇ ಅವರು ಮಕ್ಕಳಿಗೆ, “ನನಗೆ ಕೆಲವು ಸಲ ಮಾತು ತಡೆಯುತ್ತೆ. ಆಗ ಸ್ವಲ್ಪ ಕಾಯಿರಿ, ಬರುತ್ತೆ” ಎಂದರು. ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಹತ್ತು ನಿಮಿಷದ ಹೊತ್ತಿಗೆ ಆ ನಗೆ ನಿಂತಿತ್ತು. ಪಾಠದಲ್ಲಿ ನಾಲ್ಕೈದು ಕಡೆ ಮಾತು ತಡೆಯಿತು. ಮಕ್ಕಳು ಕಾದರು. ಹಿಂದಿನ ಬೆಂಚಿನಲ್ಲಿ ನಾನೂ ಸುಮ್ಮನೆ ಕುಳಿತು ಕಾದೆ. ಅಷ್ಟು ಸುಲಭದ ಕೆಲಸವೇನಲ್ಲ ಅದು. ಪದ ನನ್ನ ನಾಲಿಗೆಯ ತುದಿಗೇ ಬಂದಿತ್ತು.

ಈ ವರ್ಷ ನೀವು ಶಾಲೆಗಳಿಗೆ ಹೋದಾಗ, ಹಾಜರಿ ಕರೆಯುವಾಗ ಪುಸ್ತಕದಿಂದ ತಲೆ ಎತ್ತಿ ನೋಡಿ. ಎದ್ದು ನಿಂತ ಮಗು ಹಾಜರಿದೆ ಎಂದೇ ಬರೆಯಿರಿ.