ದ್ರವಗಳಲ್ಲಿ ಒತ್ತಡದ ವ್ಯತ್ಯಾಸ

ನಮ್ಮ ಮುಂಬಯಿಯ ಅನೇಕ ಕಟ್ಟಡಗಳ ಛಾವಣಿಯ ಮೇಲೆ ನೀರಿನ ತೊಟ್ಟಿ ಇರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಒಂದೇ ತೊಟ್ಟಿಯ ನೀರು ಮೇಲಿನ ಅಂತಸ್ತಿನ ನಲ್ಲಿಯಲ್ಲಿ ಸಣ್ಣ ಧಾರೆಯಾಗಿ ಇಳಿದರೆ, ಕೆಳಗಿನ ಅಂತಸ್ತಿನ ನಲ್ಲಿಯಲ್ಲಿ ರಭಸದಿಂದ ಧುಮುಕುವುದು. ಇದಕ್ಕೆ ಕಾರಣವು ಒತ್ತಡದ ವ್ಯತ್ಯಾಸ. ಅದನ್ನು ಲೆಕ್ಕ ಹಾಕುವ ಬಗೆಯನ್ನು ನೋಡೋಣ.

ನಲ್ಲಿಗಳನ್ನೆಲ್ಲ ಮುಚ್ಚಿದೆ, ನೀರು ನಿಶ್ಚಲವಾಗಿದೆ ಎಂದು ಭಾವಿಸಿರಿ. ಕೆಳಗಿನ ನಲ್ಲಿಯು ಮೇಲಿನದಕ್ಕಿಂತ 12 ಮೀಟರ್ ಕೆಳಗಿರಲಿ. ಈ ಎರಡು ಮಟ್ಟಗಳ ನಡುವೆ 1 ಚದರ ಮೀಟರ್ ತಳವುಳ್ಳ ನೀರಿನ ಕಂಬವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಅದರ ಘನಫಲ 12 ಘನಮೀಟರ್. ನೀರಿನ ಸಾಂದ್ರತೆಯು ಘನಮೀಟರಿಗೆ 1000 ಕಿಲೋಗ್ರಾಮ್. ಆದುದರಿಂದ ಕಂಬದ ದ್ರವ್ಯರಾಶಿ 12,000 ಕಿಲೋಗ್ರಾಮ್. ಇದನ್ನು ಗುರುತ್ವವೇಗೋತ್ಕರ್ಷವಾದ 9.8ರಿಂದ ಗುಣಿಸಿದರೆ ತೂಕವು 1,17,600 ನ್ಯೂಟನ್ ಆಗುವುದು. ಕೆಳಗಿನ ಮಟ್ಟದ ಒಂದೊಂದು ಚದರ ಮೀಟರೂ ಮೇಲಿನ ಮಟ್ಟಕ್ಕಿಂತ ಇಷ್ಟು ಹೆಚ್ಚಿನ ಭಾರವನ್ನು ಹೊರುವುದು.

ಚದರ ಮೀಟರಿಗೆ ಒಂದು ನ್ಯೂಟನ್ ಒತ್ತಡವನ್ನು ಒಂದು ಪ್ಯಾಸ್ಕಲ್ ಎನ್ನುವರು. ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲನ (1623–1662) ಗೌರವಾರ್ಥವಾಗಿ 1971ರಲ್ಲಿ ಈ ಹೆಸರನ್ನು ಅಂಗೀಕರಿಸಲಾಯಿತು. ಹೀಗೆ ನಮಗೆ ದೊರೆತ ಸೂತ್ರ:

ಒತ್ತಡದ ವ್ಯತ್ಯಾಸ = ಲಂಬ ಎತ್ತರ × ಸಾಂದ್ರತೆ × ಗುರುತ್ವವೇಗೋತ್ಕರ್ಷ

ಇದರಲ್ಲಿ ತೊಟ್ಟಿಯ ಅಗಲವಾಗಲಿ, ನೀರಿನ ಒಟ್ಟು ಪ್ರಮಾಣವಾಗಲಿ ಬಾರದೆಂಬುದನ್ನು ಗಮನಿಸಿರಿ. ಕಂಬವು ಕಿರಿದಾದರೆ ಅದರ ತೂಕವೂ ತಳದ ವಿಸ್ತೀರ್ಣವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ ಉತ್ತರವು ಬದಲಾಗದು. ಕೊಳವೆಯು ಸುತ್ತಿ ಬಳಸಿ 20 ಮೀಟರ್ ಉದ್ದವಿದ್ದರೂ ಲೆಕ್ಕಕ್ಕೆ ಹಿಡಿಯತಕ್ಕದ್ದು 12 ಮೀಟರ್ ಲಂಬ ಎತ್ತರವನ್ನೇ. ವಾಯುವಿನ ಒತ್ತಡವು ಎರಡು ಮಟ್ಟಗಳಲ್ಲಿಯೂ ಸಮನಾಗಿ ಸೇರಿರುವುದರಿಂದ ಕಳೆಯುವಾಗ ಅದು ಬಿಟ್ಟುಹೋಗುವುದು. ಸೆಂಟಿಮೀಟರುಗಳನ್ನು ಮೀಟರಿಗೆ ಪರಿವರ್ತಿಸಿಕೊಳ್ಳಲು ಮಾತ್ರ ಮರೆಯಬೇಡಿರಿ.

ಈ ಲೆಕ್ಕವು ಪರೀಕ್ಷೆಗಷ್ಟೇ ಮೀಸಲಾದುದಲ್ಲ. ಮಣಿಕಟ್ಟಿಗೆ ಕಟ್ಟಿ ರಕ್ತದೊತ್ತಡವನ್ನು ಅಳೆಯುವ ಉಪಕರಣವು ಈಗ ಹಲವು ಮನೆಗಳಲ್ಲಿಯೂ ಉಂಟು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಮಣಿಕಟ್ಟು ಹೃದಯಕ್ಕಿಂತ 20 ಸೆಂಟಿಮೀಟರ್, ಅಂದರೆ 0.2 ಮೀಟರ್, ಕೆಳಗಿದೆಯೆನ್ನೋಣ. ರಕ್ತದ ಸಾಂದ್ರತೆಯು ಘನಮೀಟರಿಗೆ ಸುಮಾರು 1060 ಕಿಲೋಗ್ರಾಮ್. ಆದುದರಿಂದ ಒತ್ತಡದ ವ್ಯತ್ಯಾಸ 0.2 × 1060 × 9.8, ಅಂದರೆ ಸುಮಾರು 2078 ಪ್ಯಾಸ್ಕಲ್. ಒಂದು ಮಿಲಿಮೀಟರ್ ಪಾದರಸದ ಒತ್ತಡವು ಸುಮಾರು 133 ಪ್ಯಾಸ್ಕಲ್. ಭಾಗಿಸಿ ನೋಡಿದರೆ ಸುಮಾರು 16 ಮಿಲಿಮೀಟರಿನ ತಪ್ಪು! 120 ಇರಬೇಕಾದಲ್ಲಿ 136 ಎಂದು ತೋರಿ, ಆರೋಗ್ಯವಂತರೂ ವೃಥಾ ಚಿಂತೆಗೆ ಒಳಗಾಗಬಹುದು.

ಮನೆಯಲ್ಲಿ ಅಜ್ಜ ಅಜ್ಜಿಯರ ರಕ್ತದೊತ್ತಡವನ್ನು ಅಳೆಯುವ ಸಂದರ್ಭ ಬಂದರೆ ಅವರ ಮಣಿಕಟ್ಟನ್ನು ಹೃದಯದ ಮಟ್ಟಕ್ಕೆ ತಂದು, ಕೆಳಗೆ ಆಸರೆ ಕೊಟ್ಟು ಅಳೆಯಿರಿ. ಕಾರಣವನ್ನು ಕೇಳಿದರೆ ಈ ಸೂತ್ರವನ್ನು ಅವರಿಗೂ ವಿವರಿಸಿರಿ.