ತೊಗರಿಯ ಬೇರೂ ಸಮುದ್ರದ ಹವಳವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಒಕ್ಕಲುತನದ ಮನೆಗಳಲ್ಲಿರುತ್ತಾರೆ. ತೊಗರಿಯು ಅವರಿಗೆ ಹೊಸದಲ್ಲ. ಆದರೆ ಅದರ ಬೇರನ್ನು ನೋಡಿದವರು ಎಷ್ಟು ಮಂದಿ? ಬಿತ್ತಿ ಒಂದು ತಿಂಗಳಾದ ತರುವಾಯ ಒಂದು ಗಿಡವನ್ನು, ಕೀಳದೆ, ಮಣ್ಣಿನ ಹೆಂಟೆಯೊಡನೆ ಅಗೆದು ನೀರಿನಲ್ಲಿ ತೊಳೆದರೆ ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುವವು. ಇದು ರೋಗವಲ್ಲ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಅದು ಕೆಲಸಮಾಡುತ್ತಿದೆಯೆಂದು ತಿಳಿಯಬೇಕು.

ಆ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ವಾಸಿಸುತ್ತವೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ಪಂಡಿತರು ಇಂಥವುಗಳನ್ನು ಬೇರ್ಪಡಿಸಿ ಬೆಳೆಸಿದರು. ಗಿಡವು ಅವಕ್ಕೆ ಸಕ್ಕರೆಯನ್ನು ಕೊಡುವುದು. ಅವು ಗಾಳಿಯ ಸಾರಜನಕವನ್ನು ಗಿಡದ ಆಹಾರವಾಗಿ ಮಾರ್ಪಡಿಸಿ ಕೊಡುವವು. ಯೂರಿಯಾವನ್ನು ಮಿತಿಮೀರಿ ಸುರಿದರೆ ಗಂಟುಗಳೇ ಕಡಿಮೆಯಾಗುತ್ತವೆ. ಉಣ್ಣಲು ಬಿಟ್ಟಿ ಸಿಕ್ಕುವಾಗ ನೆಂಟರನ್ನು ಯಾರು ಸಾಕಿಯಾರು!

ಈ ಸ್ನೇಹವು ಬಿಸಿಲಿಗೆ ಬಲು ಅಂಜುವುದು. ಮಳೆ ನಡುವೆ ಕೈಕೊಟ್ಟು ನೆಲ ಕಾದರೆ ಮಣ್ಣಿನಲ್ಲಿರುವ ಜೀವಾಣುಗಳು ಸಾಯುತ್ತವೆ, ಗಂಟುಗಳ ಕೆಲಸವೂ ಕುಂದುತ್ತದೆ. ಇದೇ ಸಂಕಟವು ಸಮುದ್ರದಲ್ಲಿಯೂ ಉಂಟು. ಹವಳವೆಂಬುದು ಕಲ್ಲಲ್ಲ, ಪ್ರಾಣಿ. ಅದರ ಒಡಲಲ್ಲಿರುವ ಪಾಚಿಯೇ ಅದಕ್ಕೆ ಬಹುಪಾಲು ಆಹಾರ ಒದಗಿಸುವುದು. ನೀರು ಬೇಸಿಗೆಯ ವಾಡಿಕೆಯ ಶಾಖಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಹವಳವು ಪಾಚಿಯನ್ನು ಹೊರದೂಡಿ ಬಿಳಿಚಿಕೊಂಡು, ಕಡೆಗೆ ಹಸಿದು ಸಾಯುವುದು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ನಮ್ಮ ರಾಜ್ಯದ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ.

ಆಸ್ಟ್ರೇಲಿಯಾದ ಸಂಶೋಧಕರು ಇಂಥ ಪಾಚಿಯನ್ನು ಪ್ರಯೋಗಶಾಲೆಯಲ್ಲಿ 31 ಡಿಗ್ರಿ ಶಾಖದಲ್ಲಿ ನಾಲ್ಕು ವರ್ಷ ಬೆಳೆಸಿ, ಹವಳದ ಮರಿಗಳಿಗೆ ಕೊಟ್ಟರು. ಕೆಲವು ತಳಿಗಳನ್ನು ಪಡೆದ ಮರಿಗಳು ಬಿಸಿಯನ್ನು ಹೆಚ್ಚು ತಾಳಿದುವೆಂದು 2020ರಲ್ಲಿ ಪ್ರಕಟಿಸಿದರು. ಸಾಗರವೆಲ್ಲವನ್ನೂ ಹೀಗೆ ಉಳಿಸಬಹುದೆಂದು ನಾವು ನಂಬುವುದಿಲ್ಲ. ಆದರೆ ಉಪಾಯವು ನಮಗೆ ಅಪರಿಚಿತವಲ್ಲ: ಬಿಸಿಲು ತಾಳುವ ಜೀವಾಣುಗಳನ್ನು ಆರಿಸಿ ಬೀಜಕ್ಕೆ ಲೇಪಿಸುವುದೂ ಇದೇ ಜಾತಿಯ ಕೆಲಸ.

ರೈಜೋಬಿಯಂ ಎಂಬ ಪೊಟ್ಟಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಸಂಶಯವಿದ್ದರೆ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯವು ಹತ್ತಿರವೇ ಇದೆ. ಹತ್ತು ಕಿಲೋ ಬೀಜಕ್ಕೆ 200 ಗ್ರಾಂ ಪುಡಿಯನ್ನು, ಆರಿದ ಬೆಲ್ಲದ ನೀರಿನೊಡನೆ, ಸಿಪ್ಪೆ ಸುಲಿಯದಂತೆ ಮೆಲ್ಲಗೆ ಸವರಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ಬೂಷ್ಟಿನ ಔಷಧವನ್ನೂ ಹಚ್ಚುವುದಾದರೆ ಅದು ಮೊದಲು, ಜೀವಾಣು ಕಡೆಗೆ.

ನಾವು ಒಮ್ಮೆ ಶಾಲೆಯ ತೋಟಕ್ಕೆಂದು ತಂದ ಪೊಟ್ಟಣವನ್ನು ಮೇ ತಿಂಗಳ ಬಿಸಿಲಿನಲ್ಲಿ ಕಿಟಕಿಯ ಬಳಿ ಮರೆತೆವು. ಒಂಬತ್ತನೆಯ ತರಗತಿಯ ಹುಡುಗಿಯರು ಬೇರುಗಳನ್ನು ತೊಳೆದು ಗಂಟುಗಳನ್ನು ಎಣಿಸಿದಾಗ, ಲೇಪಿಸಿದ ಸಾಲಿಗೂ ಲೇಪಿಸದ ಸಾಲಿಗೂ ಭೇದವೇ ಇರಲಿಲ್ಲ. ಈಗ ಪೊಟ್ಟಣವನ್ನು ಕುಡಿಯುವ ನೀರಿನ ಮಡಕೆಯ ಪಕ್ಕದಲ್ಲಿ ಇಡುತ್ತೇವೆ.